ಸ್ಮಾರಕದ ನೆಲ ಮತ್ತು ಅದಲುಬದಲಿನ ಲೆಕ್ಕ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಹಳ್ಳಿಗಳಲ್ಲಿ ಹೊಲದ ಅದಲುಬದಲು ಹೊಸ ಸಂಗತಿಯಲ್ಲ. ಅಣ್ಣನ ಪಾಲಿನ ಒಂದು ತುಂಡು ತಮ್ಮನ ಹೊಲದ ನಡುವೆ ಸಿಕ್ಕಿಕೊಂಡಿರುತ್ತದೆ; ತಮ್ಮನ ಪಾಲಿನ ಇನ್ನೊಂದು ತುಂಡು ಹಳ್ಳದಾಚೆ ಅಣ್ಣನ ಬದುವಿಗೆ ತಗುಲಿಕೊಂಡಿರುತ್ತದೆ. ನಾಲ್ವರು ಹಿರಿಯರು ಕುಳಿತು ಮಾತನಾಡುತ್ತಾರೆ. ಒಂದು ಕರಿಮಣ್ಣು, ಇನ್ನೊಂದು ಮಸಾರಿ ಎಂದಾದರೆ ಮಸಾರಿಯ ಕಡೆಗೆ ನಾಲ್ಕು ಗುಂಟೆ ಹೆಚ್ಚು ಹಾಕಿ ತೂಕ ಸರಿಮಾಡುತ್ತಾರೆ. ಕಾಗದಪತ್ರಗಳಾಗಿ, ತಲಾಠಿಯ ದಫ್ತರದಲ್ಲಿ ಉತಾರದ ಮೇಲಿನ ಹೆಸರುಗಳು ಬದಲಾದರೆ ವ್ಯವಹಾರ ಮುಗಿಯಿತು. ಯಾರಿಗೂ ನಷ್ಟವಿಲ್ಲ, ಇಬ್ಬರಿಗೂ ಉಳುವುದಕ್ಕೆ ಅನುಕೂಲ.

ಕಾನೂನು ಇದನ್ನು 'ವಿನಿಮಯ' ಎಂದು ಕರೆಯುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 118ನೆಯ ಕಲಮಿನ ಪ್ರಕಾರ, ಇಬ್ಬರು ಪರಸ್ಪರ ಒಂದು ವಸ್ತುವಿನ ಒಡೆತನವನ್ನು ಇನ್ನೊಂದರ ಒಡೆತನಕ್ಕಾಗಿ ಬಿಟ್ಟುಕೊಟ್ಟರೆ, ಮತ್ತು ಆ ಎರಡರಲ್ಲಿ ಒಂದು ಬರಿಯ ಹಣವಲ್ಲದಿದ್ದರೆ, ಅದು ವಿನಿಮಯ. ಕೊಟ್ಟದ್ದಕ್ಕೆ ಆತ ಮಾರಿದವನಂತೆ ಹೊಣೆ. ಪಡೆದದ್ದಕ್ಕೆ ಕೊಂಡವನಂತೆ ಹಕ್ಕುದಾರ. ಈ ವ್ಯಾಖ್ಯೆಯ ಬುಡದಲ್ಲಿ ಒಂದು ಗ್ರಹಿಕೆಯಿದೆ: ಕೊಡುವವನು ಕೊಡುವ ವಸ್ತುವಿನ ಒಡೆಯನಾಗಿರಬೇಕು.

ಅದಲುಬದಲಿಗೆ ಬಂದಿರುವ ನೆಲ ಹೊಲವಾಗಿರದೆ, ಓಣಿಯ ನಡುವಿನ ಒಂದು ಸ್ಮಾರಕ ಉದ್ಯಾನವಾಗಿದ್ದರೆ ಏನು? ಹುತಾತ್ಮನೊಬ್ಬನ ಹೆಸರಿನ ಕಲ್ಲು, ಸುತ್ತ ನಾಲ್ಕು ಬೇವಿನ ಮರ, ಮುಂಜಾನೆ ಮುದುಕರು ಕುಳಿತುಕೊಳ್ಳುವ ಕಟ್ಟೆ, ವರ್ಷಕ್ಕೊಮ್ಮೆ ಹಾರ ಹಾಕುವ ದಿನ. ಇಷ್ಟೇ ಅದರ ಆಸ್ತಿ. ಈ ಜಾಗವನ್ನು ಬಿಟ್ಟುಕೊಟ್ಟರೆ ಊರ ಹೊರಗೆ ಇದಕ್ಕಿಂತ ದೊಡ್ಡ ಜಾಗ ಸಿಗುತ್ತದೆ, ಅಲ್ಲಿ ಇನ್ನೂ ಚೆಂದದ ಉದ್ಯಾನ ಮಾಡಬಹುದು ಎಂಬ ಪ್ರಸ್ತಾವ ಬಂದಾಗ ಮೇಲ್ನೋಟಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ವಿಸ್ತೀರ್ಣ ಹೆಚ್ಚು, ಮರಗಳು ಹೆಚ್ಚು, ಹೆಸರು ಅದೇ. ಹೀಗಿದ್ದೂ ಓಣಿಯ ಜನ ಒಪ್ಪುವುದಿಲ್ಲ. ಅವರ ಒಪ್ಪದಿರುವಿಕೆಯನ್ನು ಬರಿಯ ಭಾವುಕತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಒಂದು ಗಟ್ಟಿಯಾದ ತರ್ಕವಿದೆ. ಆ ತರ್ಕ ನ್ಯಾಯಾಲಯಗಳ ತೀರ್ಪುಗಳಲ್ಲಿಯೂ ಇದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಓದುವ ಶಾಸನಗಳಲ್ಲಿಯೂ ಇದೆ.

ಕಲ್ಲು ಮತ್ತು ಮಣ್ಣು

ಕನ್ನಡ ನಾಡಿನಲ್ಲಿ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸುವ ಪದ್ಧತಿ ಬಹಳ ಹಳೆಯದು. ತುರುಗೋಳಿನಲ್ಲಿ, ಊರಳಿವಿನಲ್ಲಿ, ಗಡಿಕಾಳಗದಲ್ಲಿ ಮಡಿದವನಿಗೆ ವೀರಗಲ್ಲು. ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು. ಆದರೆ ಕಲ್ಲು ನಿಲ್ಲಿಸುವುದರೊಂದಿಗೆ ಕೆಲಸ ಮುಗಿಯುತ್ತಿರಲಿಲ್ಲ. ಅನೇಕ ಶಾಸನಗಳಲ್ಲಿ ಕಲ್ಲಿನ ಜೊತೆಗೆ ಮಣ್ಣಿನ ಮಾತೂ ಬರುತ್ತದೆ. ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು ಎಂಬ ಪದಗಳನ್ನು ನೆನೆಯಬಹುದು. ನೆತ್ತರುಗೊಡಗೆ ಎಂದರೆ ಸುರಿದ ನೆತ್ತರಿಗಾಗಿ ಕೊಟ್ಟ ಭೂಮಿ. ಬಾಳ್ಗಚ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು, ತೊಳೆದು ಕೊಟ್ಟ ಕೊಡುಗೆ. ಕಲ್ನಾಡು ಎಂದರೆ ಕಲ್ಲಿನೊಂದಿಗೆ ಬಿಟ್ಟ ನಾಡು. ಸತ್ತವನ ಮನೆಯವರ ಬದುಕು ಸಾಗಬೇಕು, ನೆನಪಿಗೆ ಆಧಾರವಿರಬೇಕು ಎಂಬುದು ಈ ಕೊಡುಗೆಗಳ ಹಿಂದಿನ ವಿವೇಕ.

ಇದಕ್ಕೆ ಪ್ರಸಿದ್ಧವಾದ ಉದಾಹರಣೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಶಕ 872ರ, ಅಂದರೆ ಕ್ರಿ.ಶ. 949-50ರ ಈ ಶಾಸನ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಸಂಗತಿ ಅದರಲ್ಲಿದೆ. ಆದರೆ ಅದು ಜನಪ್ರಿಯವಾಗಿರುವುದು ಕಾಳಿ ಎಂಬ ಬೇಟೆನಾಯಿಯಿಂದಾಗಿ. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಆ ನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದಿಗೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು.

ಇಲ್ಲಿ ಗಮನಿಸಬೇಕಾದದ್ದು ಶಾಸನದ ಕೊನೆಯ ಭಾಗ. ಉಳುವ ಒಕ್ಕಲಾಗಲಿ, ನಾಡನ್ನು ಆಳುವವನಾಗಲಿ, ಊರನ್ನು ಆಳುವವನಾಗಲಿ, ಆ ಮಣ್ಣನ್ನು ಅಳಿದವನು ನಾಯಿಯ ಪಾಪವನ್ನು ಹೊರುತ್ತಾನೆ ಎಂಬುದು ಅದರ ಆಶಯ. ದೇವಾಲಯವನ್ನು ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ. ಶಾಪಾಶಯ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಈ ಭಾಗದಲ್ಲಿ ಒಂದು ಆಡಳಿತ ತತ್ವವೇ ಅಡಗಿದೆ. ಶಾಪ ಕಳ್ಳನಿಗೆ ಮಾತ್ರವಲ್ಲ, ಆಳುವವನಿಗೂ ಅನ್ವಯಿಸುತ್ತದೆ. ನಾಡನ್ನು ಆಳುವವನು ಆ ಮಣ್ಣಿನ ಒಡೆಯನಲ್ಲ, ಕಾವಲುಗಾರ ಎಂಬ ಅರ್ಥ ಅದರಲ್ಲಿದೆ. ಹತ್ತು ಶತಮಾನಗಳ ಬಳಿಕ ಭಾರತದ ಸರ್ವೋಚ್ಚ ನ್ಯಾಯಾಲಯ ಇದೇ ಮಾತನ್ನು ಬೇರೆ ಪರಿಭಾಷೆಯಲ್ಲಿ ಹೇಳಿತು.

ಆತಕೂರಿನ ಕಲ್ಲು ಇಂದು ಆತಕೂರಿನಲ್ಲಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬಿಸಿಲು ಮಳೆಗಳಿಂದ ಅದು ಉಳಿದಿದೆ, ವಿದ್ವಾಂಸರಿಗೆ ಓದಲು ಸಿಗುತ್ತದೆ. ಇದು ದೊಡ್ಡ ಲಾಭವೇ. ಆದರೆ ಶಾಸನ ಬೊಟ್ಟುಮಾಡಿ ತೋರಿಸುವ ದೇವಾಲಯದ ಅಂಗಳವೂ ಮಣ್ಣೂ ಅದರ ಎದುರಿಗಿಲ್ಲ. ಪಠ್ಯ ಉಳಿಯಿತು, ನಿರ್ದೇಶ ತಪ್ಪಿತು. ಸ್ಮಾರಕವನ್ನು ಸ್ಥಳಾಂತರಿಸಿದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ನೆನಪು ನೆಲಕ್ಕೆ ಅಂಟುವ ಬಗೆ

ಸ್ಮಾರಕ ಸ್ಥಳಗಳೆಲ್ಲ ಒಂದೇ ಬಗೆಯವಲ್ಲ. ಮೊದಲನೆಯ ಬಗೆ, ಘಟನೆ ನಡೆದ ನೆಲವೇ ಸ್ಮಾರಕವಾಗಿರುವುದು. ಅಮೃತಸರದ ಜಲಿಯನ್‌ವಾಲಾ ಬಾಗ್ ಇದಕ್ಕೆ ಉದಾಹರಣೆ. 1919ರ ಏಪ್ರಿಲ್ 13ರ ಗುಂಡಿನ ಗುರುತುಗಳು ಅಲ್ಲಿನ ಗೋಡೆಗಳ ಮೇಲಿವೆ. ಮರುವರ್ಷವೇ ಟ್ರಸ್ಟ್ ಸ್ಥಾಪಿಸಿ, ಜನರಿಂದ ವಂತಿಗೆ ಎತ್ತಿ ಆ ನೆಲವನ್ನು ಕೊಳ್ಳಲಾಯಿತು. 1951ರಲ್ಲಿ ಅದಕ್ಕಾಗಿಯೇ ಸಂಸತ್ತು ಒಂದು ಕಾಯ್ದೆ ಮಾಡಿತು. ಆ ಗೋಡೆಗೆ ಬದಲಿಯಾಗಿ ಬೇರೆ ಗೋಡೆಯನ್ನು ಯಾರೂ ಕೊಡಲಾರರು.

ಎರಡನೆಯ ಬಗೆ, ಘಟನೆ ಬೇರೆಡೆ ನಡೆದಿದ್ದರೂ ಊರು ತನ್ನ ನೆನಪನ್ನು ಒಂದು ಜಾಗದಲ್ಲಿ ನೆಲೆಗೊಳಿಸಿರುವುದು. ಸೊಲ್ಲಾಪುರದ ವಿದ್ಯಾರ್ಥಿಗಳಿಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1930ರ ಮೇ 5ರಂದು ಗಾಂಧೀಜಿಯವರ ಬಂಧನವಾದ ಮೇಲೆ ಸೊಲ್ಲಾಪುರ ಸಿಡಿದೆದ್ದಿತು. ಮೇ 8ರಂದು ಗೋಲಿಬಾರ್ ಆಯಿತು, ಮೇ 12ರಂದು ಮಾರ್ಷಲ್ ಲಾ ಹೇರಲಾಯಿತು. ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿದರು. ಗಲ್ಲಿಗೇರಿಸಿದ್ದು ಸೊಲ್ಲಾಪುರದಲ್ಲಲ್ಲ, ಪುಣೆಯ ಯೆರವಡಾ ಜೈಲಿನಲ್ಲಿ. ಆದರೂ ಅವರ ಪುತ್ಥಳಿಗಳು ನಿಂತಿರುವುದು ಸೊಲ್ಲಾಪುರದ ಚೌಕದಲ್ಲಿ. ನೆನಪಿನ ದಿನ ಊರು ಸೇರುವುದೂ ಅಲ್ಲಿಯೇ. ಕನ್ನಡ, ಮರಾಠಿ, ತೆಲುಗು, ಉರ್ದು ಮನೆಮಾತಿನ ಗಿರಣಿ ಊರೊಂದು ನಾಲ್ಕು ಮನೆತನಗಳ, ಎರಡು ಧರ್ಮಗಳ ಹುತಾತ್ಮರನ್ನು ಒಂದೇ ಕಟ್ಟೆಯ ಮೇಲೆ ನಿಲ್ಲಿಸಿಕೊಂಡಿದೆ. ದಿನವೂ ಹಾದುಹೋಗುವ ದಾರಿಯಲ್ಲಿ ಅವರು ಕಾಣುತ್ತಾರೆ ಎಂಬುದೇ ಅದರ ಬಲ. ಇಂಥ ಚೌಕವನ್ನು ಹತ್ತು ಎಕರೆಯ ಜಾಗಕ್ಕೆ ಸಾಗಿಸಿದರೆ ಹೇಗೆ ಎಂದು ಯಾರಾದರೂ ಕೇಳಿದರು ಎಂದುಕೊಳ್ಳೋಣ. ಇದು ಬರಿಯ ಕಲ್ಪನೆ. ಅಂಥ ಪ್ರಶ್ನೆಗೆ ಉತ್ತರ ಎಕರೆಯಲ್ಲಿಲ್ಲ. ಜನ ನಡೆಯುವ ದಾರಿಯಲ್ಲಿದೆ.

ಮೂರನೆಯ ಬಗೆ, ಬಡಾವಣೆಯ ಸಣ್ಣ ಉದ್ಯಾನಕ್ಕೆ ಒಬ್ಬರ ಹೆಸರಿಟ್ಟಿರುವುದು. ಇಲ್ಲಿ ಹೆಸರು ಆಮೇಲೆ ಬಂದದ್ದು. ನೆಲಕ್ಕೂ ಆ ವ್ಯಕ್ತಿಗೂ ನೇರ ಸಂಬಂಧ ಇಲ್ಲದಿರಬಹುದು. ಇಂಥಲ್ಲಿ ನೆನಪಿನ ವಾದ ದುರ್ಬಲವಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಉದ್ಯಾನ ಎಂಬ ಇನ್ನೊಂದು ಹಕ್ಕು ಅಲ್ಲಿ ಉಳಿದಿರುತ್ತದೆ. ಆ ಹಕ್ಕಿನ ಬಲವೆಷ್ಟು ಎಂಬುದನ್ನು ಬೆಂಗಳೂರಿನ ಮೊಕದ್ದಮೆಯೊಂದು ತೋರಿಸಿತು.

ಬೆಂಗಳೂರಿನ ಖಾಲಿ ಜಾಗ

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಒಂದು ಜಾಗವನ್ನು ಸಾರ್ವಜನಿಕ ಉದ್ಯಾನಕ್ಕಾಗಿ ಕಾದಿರಿಸಲಾಗಿತ್ತು. ಮುಂದೆ ಸರ್ಕಾರದ ಮೇಲ್ಮಟ್ಟದ ಸೂಚನೆಯಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅದನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಹಂಚಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಎದುರಾಳಿಗಳ ವಾದ ಸರಳವಾಗಿತ್ತು: ಆಸ್ಪತ್ರೆಯೂ ಜನರಿಗೆ ಬೇಕಾದ ಸೌಕರ್ಯವೇ, ಒಂದು ಸೌಕರ್ಯದ ಬದಲು ಇನ್ನೊಂದು ಬಂದರೆ ನಷ್ಟವೇನು?

1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ತಿರಸ್ಕರಿಸಿತು. ಆಸ್ಪತ್ರೆ ಒಳ್ಳೆಯದಲ್ಲ ಎಂದು ಅದು ಹೇಳಲಿಲ್ಲ. ಆಸ್ಪತ್ರೆಯ ಕೆಲಸ ಬೇರೆ, ಉದ್ಯಾನದ ಕೆಲಸ ಬೇರೆ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು ಎಂದಿತು. ಯೋಜನೆಯಲ್ಲಿ ಉದ್ಯಾನವೆಂದು ಗುರುತಿಸಿದ ಜಾಗವನ್ನು ಅಧಿಕಾರದಲ್ಲಿರುವವರ ಇಚ್ಛೆಯಂತೆ ಖಾಸಗಿಯವರಿಗೆ ಕೊಡುವುದು ಅಧಿಕಾರದ ದುರ್ಬಳಕೆ ಎಂದೂ, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗೆ ಇದೆ ಎಂದೂ ತೀರ್ಮಾನಿಸಿತು. ಈ ಕೊನೆಯ ಅಂಶ ಬಹಳ ಮುಖ್ಯ. ಆ ಜಾಗದ ಉತಾರದಲ್ಲಿ ನಿವಾಸಿಗಳ ಹೆಸರಿರಲಿಲ್ಲ. ಆದರೂ ಕೇಳುವ ಹಕ್ಕು ಅವರಿಗಿತ್ತು. ಉದ್ಯಾನದ ಮಟ್ಟಿಗೆ ಉತಾರದ ಹೆಸರು ಕಾವಲುಗಾರನ ಹೆಸರು. ಅದರ ಫಲ ಉಣ್ಣುವವರು ಬೇರೆ.

ಲಖನೌದ ಝಂಡೇವಾಲಾ ಪಾರ್ಕ್

ಸ್ಮಾರಕದ ಪ್ರಶ್ನೆ ಇನ್ನೂ ನೇರವಾಗಿ ಬಂದದ್ದು ಲಖನೌದ ಅಮೀನಾಬಾದಿನಲ್ಲಿ. ಅಲ್ಲಿನ ಪೇಟೆಯ ನಡುವಿನ ಉದ್ಯಾನಕ್ಕೆ ಜನ ಇಟ್ಟ ಹೆಸರು ಝಂಡೇವಾಲಾ ಪಾರ್ಕ್. ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಅಲ್ಲಿ ಧ್ವಜವೇರಿಸಿದ್ದರಿಂದ ಆ ಹೆಸರು. ಕಿಕ್ಕಿರಿದ ಅಂಗಡಿಬೀದಿಗಳ ನಡುವೆ ಉಳಿದಿದ್ದ ಬಯಲೂ ಅದೇ, ಹೋರಾಟದ ನೆನಪೂ ಅದೇ. 1993ರಲ್ಲಿ ನಗರಪಾಲಿಕೆ ಖಾಸಗಿ ಕಟ್ಟಡ ಸಂಸ್ಥೆಯೊಂದಿಗೆ ಕರಾರು ಮಾಡಿಕೊಂಡು, ಉದ್ಯಾನದ ಅಡಿಯಲ್ಲಿ ನೆಲಮಾಳಿಗೆಯ ಅಂಗಡಿ ಸಂಕೀರ್ಣ ಕಟ್ಟಲು ಒಪ್ಪಿತು. ಮೇಲೆ ಉದ್ಯಾನ, ಕೆಳಗೆ ಅಂಗಡಿ ಎಂಬುದು ಅದರ ಸಮರ್ಥನೆ. ಇದೂ ಒಂದು ಬಗೆಯ ಅದಲುಬದಲೇ: ನೆಲವನ್ನು ಕೊಟ್ಟು ಮೇಲ್ಛಾವಣಿಯನ್ನು ಪಡೆಯುವುದು.

1999ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕರಾರನ್ನು ಅಸಿಂಧುವೆಂದು ಸಾರಿತು. ಕಟ್ಟಿದ್ದನ್ನು ಕೆಡವಿ ಉದ್ಯಾನವನ್ನು ಮೊದಲಿನ ಸ್ಥಿತಿಗೆ ತರುವಂತೆ ಆದೇಶಿಸಿತು. ಈ ತೀರ್ಪಿಗೆ ಬುಡವಾದದ್ದು ಸಾರ್ವಜನಿಕ ನ್ಯಾಸ ಸಿದ್ಧಾಂತ. ಗಾಳಿ, ನದಿ, ಕಡಲತೀರ, ಉದ್ಯಾನದಂಥ ಸಂಪತ್ತನ್ನು ಸರ್ಕಾರ ಜನರ ಪರವಾಗಿ ನ್ಯಾಸವಾಗಿ ಹಿಡಿದಿರುತ್ತದೆ. ಒಡೆಯನಂತೆ ಅದನ್ನು ವಿಲೇವಾರಿ ಮಾಡಲಾಗದು ಎಂಬುದು ಅದರ ಸಾರ. ಹಿಮಾಚಲದ ಬಿಯಾಸ್ ನದಿತೀರದ ಪ್ರಕರಣದಲ್ಲಿ ಕೆಲವೇ ವರ್ಷಗಳ ಹಿಂದೆ ಸರ್ವೋಚ್ಚ ನ್ಯಾಯಾಲಯ ಇದನ್ನು ಭಾರತದ ಕಾನೂನಿನ ಭಾಗವೆಂದು ಒಪ್ಪಿತ್ತು. ಆತಕೂರಿನ ಶಾಸನ ನಾಡನ್ನು ಆಳುವವನಿಗೂ ಊರನ್ನು ಆಳುವವನಿಗೂ ಹೇಳಿದ ಮಾತನ್ನು ಇಲ್ಲಿ ನ್ಯಾಯಪೀಠ ನಗರಪಾಲಿಕೆಗೆ ಹೇಳಿತು. ಅಲ್ಲಿ ದಂಡ ಪಾಪ. ಇಲ್ಲಿ ದಂಡ ಕಟ್ಟಡದ ನಾಶ.

ಒಂದಕ್ಕೆ ಐದು: ಮೊಹಾವೆಯ ವಿನಿಮಯ

ಹಾಗಾದರೆ ಸ್ಮಾರಕದ ನೆಲದ ವಿನಿಮಯ ಎಂದಿಗೂ ಕೂಡದೆ? ಹಾಗೆ ತೀರ್ಮಾನಿಸುವ ಮೊದಲು ಅಮೆರಿಕದ ಒಂದು ಪ್ರಕರಣವನ್ನು ನೋಡಬೇಕು. ಅಲ್ಲಿ ಭೂವಿನಿಮಯವೇ ಸ್ಮಾರಕವನ್ನು ಉಳಿಸಿತು.

ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯ ಬಂಡೆಯೊಂದರ ಮೇಲೆ, ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ ನಿವೃತ್ತ ಯೋಧರು 1934ರಲ್ಲಿ ಒಂದು ಶಿಲುಬೆಯನ್ನು ನಿಲ್ಲಿಸಿದರು. ನೆಲ ಕೇಂದ್ರ ಸರ್ಕಾರದ್ದು. ಸರ್ಕಾರದ ನೆಲದ ಮೇಲೆ ಒಂದೇ ಧರ್ಮದ ಚಿಹ್ನೆ ಇರುವುದು ಅಲ್ಲಿನ ಸಂವಿಧಾನಕ್ಕೆ ವಿರುದ್ಧ ಎಂದು 2001ರಲ್ಲಿ ದಾವೆ ಹೂಡಲಾಯಿತು. ದಾವೆ ಹೂಡಿದವರು ಉದ್ಯಾನ ಸೇವೆಯ ನಿವೃತ್ತ ಅಧಿಕಾರಿ. ಅವರು ಸ್ವತಃ ಕ್ರೈಸ್ತರು. ಅದಕ್ಕೂ ಮೊದಲು, 1999ರಲ್ಲಿ, ಆ ಶಿಲುಬೆಯ ಸಮೀಪ ಬೌದ್ಧ ಸ್ತೂಪ ನಿಲ್ಲಿಸಲು ಬಂದ ಅರ್ಜಿಯನ್ನು ಅಧಿಕಾರಿಗಳು ನಿರಾಕರಿಸಿದ್ದರು. ಹೀಗಾಗಿ ಪ್ರಶ್ನೆ ಒಬ್ಬರ ಹಟದ್ದಾಗಿರಲಿಲ್ಲ. ಎಲ್ಲ ಧರ್ಮದ ಯೋಧರ ನೆನಪನ್ನು ಒಂದೇ ಧರ್ಮದ ಚಿಹ್ನೆ ಹೊರಬಲ್ಲುದೆ ಎಂಬುದಾಗಿತ್ತು.

ಕೆಳಗಿನ ನ್ಯಾಯಾಲಯ ದಾವೆದಾರರ ಪರ ನಿಂತಿತು. ಶಿಲುಬೆಗೆ ಮೊದಲು ಬಟ್ಟೆ ಹೊದಿಸಿ, ಬಳಿಕ ಹಲಗೆಯ ಪೆಟ್ಟಿಗೆಯಲ್ಲಿ ಮುಚ್ಚಿಡಲಾಯಿತು. ಆಗ 2003ರಲ್ಲಿ ಅಮೆರಿಕದ ಸಂಸತ್ತು ಒಂದು ವಿನಿಮಯವನ್ನು ರೂಪಿಸಿತು. ಶಿಲುಬೆ ಇರುವ ಒಂದು ಎಕರೆ ನೆಲ ನಿವೃತ್ತ ಯೋಧರ ಸಂಘಕ್ಕೆ. ಬದಲಿಗೆ ಆ ಶಿಲುಬೆಯನ್ನು ನೋಡಿಕೊಳ್ಳುತ್ತಿದ್ದ ದಂಪತಿಗಳ ಐದು ಎಕರೆ ಖಾಸಗಿ ನೆಲ ಸರ್ಕಾರಕ್ಕೆ. ಅದಕ್ಕೊಂದು ಷರತ್ತೂ ಇತ್ತು: ಆ ಒಂದು ಎಕರೆಯನ್ನು ಯುದ್ಧಸ್ಮಾರಕವಾಗಿ ಉಳಿಸಿಕೊಳ್ಳದಿದ್ದರೆ ನೆಲ ಸರ್ಕಾರಕ್ಕೆ ಮರಳುತ್ತದೆ. ಇದು ಕಾನೂನನ್ನು ತಪ್ಪಿಸಿಕೊಳ್ಳುವ ದಾರಿ ಎಂದು ಕೆಳಗಿನ ನ್ಯಾಯಾಲಯಗಳು ತಡೆದವು. 2010ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ ಆ ತಡೆಯನ್ನು ತೆಗೆದುಹಾಕಿ ವಿಷಯವನ್ನು ಮರುಪರಿಶೀಲನೆಗೆ ಕಳಿಸಿತು. ಮುಂದಿನ ತಿಂಗಳೇ ಶಿಲುಬೆ ಕಳವಾಯಿತು. 2012ರಲ್ಲಿ ಒಪ್ಪಂದವಾಗಿ, ವಿನಿಮಯ ನೆರವೇರಿ, ಅದೇ ಬಂಡೆಯ ಮೇಲೆ ಹೊಸ ಶಿಲುಬೆ ನಿಂತಿತು.

ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಅಲ್ಲಿ ಮುಗಿದಿಲ್ಲ. ನಾಲ್ವರು ನ್ಯಾಯಮೂರ್ತಿಗಳ ಭಿನ್ನಮತವೇ ಅದಕ್ಕೆ ಸಾಕ್ಷಿ. ಆದರೆ ವಿನಿಮಯದ ಸ್ವರೂಪದ ಬಗೆಗೆ ಅದು ಎರಡು ಸಂಗತಿಗಳನ್ನು ತಿಳಿಸುತ್ತದೆ. ಮೊದಲನೆಯದು, ಒಂದು ಎಕರೆಗಾಗಿ ಐದು ಎಕರೆ ಕೊಡಲು ಜನ ಮುಂದೆ ಬಂದರು. ಮರುಭೂಮಿಯ ಮಣ್ಣಿಗೆ ಮಣ್ಣನ್ನೇ ತೂಗುವ ಲೆಕ್ಕ ಅದಲ್ಲ. ಬಂಡೆ ಬದಲಾಗಬಾರದು ಎಂಬುದಕ್ಕಾಗಿ ಉಳಿದೆಲ್ಲವನ್ನೂ ಬದಲಿಸಲು ಅವರು ಸಿದ್ಧರಾಗಿದ್ದರು. ಎರಡನೆಯದು, ಅಲ್ಲಿ ಸರಿದದ್ದು ಒಡೆತನ, ಸ್ಮಾರಕವಲ್ಲ. ನಮ್ಮ ಊರುಗಳಲ್ಲಿ ಬರುವ ಪ್ರಸ್ತಾವಗಳು ಬಹುಮಟ್ಟಿಗೆ ಇದಕ್ಕೆ ತಿರುವುಮುರುವಾದವು: ಸ್ಮಾರಕವನ್ನು ಸರಿಸಿ, ಬೆಲೆಬಾಳುವ ನೆಲವನ್ನು ಬಿಡಿಸಿಕೊಳ್ಳುವಂಥವು. ಎರಡನ್ನೂ 'ಭೂವಿನಿಮಯ' ಎಂಬ ಒಂದೇ ಪದದಿಂದ ಕರೆಯುತ್ತೇವೆ. ಪದ ಒಂದೇ ಆದುದರಿಂದ ಸಂಗತಿಯೂ ಒಂದೇ ಎಂದು ತಿಳಿಯಬಾರದು.

'ಸಮ' ಎಂಬ ಪದದ ಅರ್ಥ

ವಿನಿಮಯದ ಪ್ರಸ್ತಾವಗಳಲ್ಲಿ ತಪ್ಪದೆ ಬರುವ ಮಾತು 'ಸಮ'. ಸಮ ವಿಸ್ತೀರ್ಣ, ಸಮ ಬೆಲೆ. ಬೇರೆ ದೇಶಗಳ ಕಾನೂನುಗಳು ಈ ಪದವನ್ನು ಇನ್ನಷ್ಟು ಬಿಗಿಗೊಳಿಸಲು ಯತ್ನಿಸಿವೆ. ಅಮೆರಿಕದಲ್ಲಿ 1965ರ ಭೂ ಮತ್ತು ಜಲ ಸಂರಕ್ಷಣಾ ನಿಧಿಯ ನೆರವು ಪಡೆದ ಉದ್ಯಾನವನ್ನು ಬೇರೆ ಬಳಕೆಗೆ ತಿರುಗಿಸಬೇಕಾದರೆ, ಬದಲಿ ನೆಲ ಬೆಲೆಯಲ್ಲಿ ಸಮನಾಗಿರಬೇಕು. ಉಪಯೋಗದಲ್ಲಿಯೂ ಇರುವ ಸ್ಥಳದಲ್ಲಿಯೂ ಸಾಕಷ್ಟು ಸರಿಸಮವಾಗಿರಬೇಕು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಬಯಲನ್ನು ಸ್ವಾಧೀನಪಡಿಸಿಕೊಳ್ಳುವಾಗ, ಬದಲಿ ನೆಲ ವಿಸ್ತೀರ್ಣದಲ್ಲಿ ಕಡಿಮೆಯಿರದೆ, ಜನರಿಗೆ ಅಷ್ಟೇ ಅನುಕೂಲವಾಗಿರಬೇಕು ಎಂದು 1981ರ ಕಾಯ್ದೆ ಹೇಳುತ್ತದೆ. ವಿಸ್ತೀರ್ಣ, ಬೆಲೆ, ಉಪಯೋಗ, ಸ್ಥಳ ಹೀಗೆ ನಾಲ್ಕು ತಕ್ಕಡಿಗಳಾದವು. ಐದನೆಯದಾದ ನೆನಪಿಗೆ ಯಾವ ಕಾನೂನಿನಲ್ಲಿಯೂ ತಕ್ಕಡಿಯಿಲ್ಲ. ಅದನ್ನು ತೂಗಲಾಗುವುದಿಲ್ಲ ಎಂಬ ಕಾರಣಕ್ಕೆ ಅದು ಇಲ್ಲವೆಂದಾಗುವುದಿಲ್ಲ. ಅದನ್ನು ಹೇಳಬೇಕಾದವರು ಆ ಜಾಗವನ್ನು ಬಲ್ಲವರೇ. ಅವರು ಹೇಳದಿದ್ದರೆ ಕಡತದಲ್ಲಿ ಅದು ಬರುವುದೇ ಇಲ್ಲ.

ಪ್ರಸ್ತಾವ ಬಂದಾಗ

ಮಹಾರಾಷ್ಟ್ರದಲ್ಲಿ ನಗರದ ವಿಕಾಸ ಯೋಜನೆಯಲ್ಲಿ ಉದ್ಯಾನಕ್ಕಾಗಿ 'ಆರಕ್ಷಣ' ಇರುವ ಜಾಗದ ಬಳಕೆಯನ್ನು ಬದಲಿಸಬೇಕಾದರೆ 1966ರ ಪ್ರಾದೇಶಿಕ ಮತ್ತು ನಗರ ರಚನಾ ಕಾಯ್ದೆಯ 37ನೆಯ ಕಲಮಿನ ದಾರಿ ಹಿಡಿಯಬೇಕು. ನೋಟೀಸು ಪ್ರಕಟವಾಗಬೇಕು, ಒಂದು ತಿಂಗಳೊಳಗೆ ಹರಕತ್ತು ಮತ್ತು ಸೂಚನೆಗಳನ್ನು ಕೇಳಬೇಕು, ಬಳಿಕ ಸರ್ಕಾರದ ಮಂಜೂರಿ ಬೇಕು. ಮಹಾನಗರಪಾಲಿಕೆ ತನ್ನ ಆಸ್ತಿಯನ್ನು ವಿಲೇವಾರಿ ಮಾಡಲು ಸಭೆಯ ಒಪ್ಪಿಗೆಯೂ ಬೇಕು. ಹೀಗೆ ಜನರ ಮಾತಿಗೆ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. ಅದು ತೆರೆದಿರುವುದು ಒಂದೇ ತಿಂಗಳು.

ಆ ತಿಂಗಳಲ್ಲಿ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಈ ನೆಲ ಯಾರ ಹೆಸರಿನಲ್ಲಿದೆ, ಯಾರಿಗಾಗಿ ಇದೆ? ದಾನವಾಗಿ ಬಂದಿದ್ದರೆ ದಾನಪತ್ರದ ಷರತ್ತೇನು? ಸಿಟಿ ಸರ್ವೆಯ ನಕಾಶೆಯಲ್ಲಿ ಅದರ ಚತುಃಸೀಮೆ ಏನು? ಸರಿಯುವುದು ಒಡೆತನವೋ ಸ್ಮಾರಕವೋ? ಬದಲಿ ಜಾಗಕ್ಕೆ ಮುದುಕರೂ ಮಕ್ಕಳೂ ನಡೆದು ಹೋಗಬಲ್ಲರೆ? ಮೊದಲು ಯಾವುದು ನಡೆಯುತ್ತದೆ, ಹೊಸ ಉದ್ಯಾನ ಸಿದ್ಧವಾಗುವುದೋ, ಹಳೆಯದಕ್ಕೆ ಬೇಲಿ ಬೀಳುವುದೋ? ಮಾತು ತಪ್ಪಿದರೆ ನೆಲ ಮರಳಿ ಬರುವ ಷರತ್ತು, ಮೊಹಾವೆಯಲ್ಲಿ ಇದ್ದಂತೆ, ಕರಾರಿನಲ್ಲಿ ಇದೆಯೆ? ಇವಕ್ಕೆಲ್ಲ ಸಮಾಧಾನಕರ ಉತ್ತರ ದೊರೆತರೆ ವಿನಿಮಯವನ್ನು ಒಪ್ಪುವುದೂ ಅವಮಾನವಲ್ಲ. ರಸ್ತೆ, ನೀರು, ಆಸ್ಪತ್ರೆ ಇವೂ ಊರಿಗೆ ಬೇಕು. ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಬೇಕು ಎಂಬುದಷ್ಟೇ ಮಾತು.

ಗಡಿಭಾಗದ ಕನ್ನಡ ವಿದ್ಯಾರ್ಥಿಗಳಿಗೆ ಈ ಕೆಲಸದಲ್ಲಿ ವಿಶೇಷವಾದ ಅರ್ಹತೆಯಿದೆ. ನೋಟೀಸು ಬರುವುದು ಮರಾಠಿಯಲ್ಲಿ. ಓಣಿಯ ಅಜ್ಜಿಯ ನೆನಪು ಇರುವುದು ಕನ್ನಡದಲ್ಲಿ. ದೇವಾಲಯದ ಗೋಡೆಗೆ ಒರಗಿಸಿಟ್ಟ ಕಲ್ಲಿನ ಬರಹ ಹಳಗನ್ನಡದಲ್ಲಿ. ಈ ಮೂರನ್ನೂ ಓದಬಲ್ಲವರು ಊರಿನಲ್ಲಿ ಬಹಳ ಜನವಿರುವುದಿಲ್ಲ. ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಸನಗಳನ್ನು ಓದಿದವರಿಗೆ ಚತುಃಸೀಮೆ ಎಂಬ ಪದ ಪರಿಚಿತ: ದತ್ತಿ ಬಿಟ್ಟ ಭೂಮಿಯ ಮೂಡಣಕ್ಕೆ ಯಾವ ಹಳ್ಳ, ಪಡುವಣಕ್ಕೆ ಯಾವ ಬಟ್ಟೆ, ತೆಂಕಣಕ್ಕೆ ಯಾವ ಕಲ್ಲು ಎಂದು ಶಾಸನಕಾರ ಎಣಿಸಿ ಹೇಳುತ್ತಾನೆ. ಮುಂದೆ ಒಂದು ದಿನ ಯಾರಾದರೂ ಅದನ್ನು ಕೇಳಿಯಾರು ಎಂಬ ಎಚ್ಚರ ಅವನಿಗಿತ್ತು. ಇಂದಿನ ಓಣಿಯ ಉದ್ಯಾನಗಳಿಗೆ ಹಾಗೆ ಬರೆದಿಟ್ಟವರು ಕಡಿಮೆ. ಕಲ್ಲಿನ ಮೇಲೆ ಏನು ಬರೆದಿದೆ, ಅದನ್ನು ಯಾವ ವರ್ಷ ಯಾರು ನಿಲ್ಲಿಸಿದರು, ಯಾವ ದಿನ ಅಲ್ಲಿ ಜನ ಸೇರುತ್ತಾರೆ ಎಂಬುದನ್ನು ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಕುಳಿತು ಎರಡು ಭಾಷೆಗಳಲ್ಲಿ ಬರೆದಿಟ್ಟರೆ, ಹರಕತ್ತು ಸಲ್ಲಿಸುವ ಆ ಒಂದು ತಿಂಗಳಲ್ಲಿ ಊರಿನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.